ಏಕವಚನ

"ಮೂರನೇ ತಟ್ಟೆ ಯಾರಿಗೆ ಕೊಮಾದ್ರೆ?" ಎಂದು ಎಲ್ವಿರಾ ಕೇಳಿದಳು.

ಬಡಿಸುವ ಹೆಂಗಸು ತಟ್ಟೆಗಳನ್ನು ಜೋಡಿಸಿ, ದಾಸವಾಳದ ಶರಬತ್ತಿನ ಹೂಜಿ ಇಟ್ಟು ಅತ್ತ ಹೋಗುವವರೆಗೂ ರೆಮೆದಿಯೊಸ್ ಮೇಜಿನ ಬಟ್ಟೆಯಲ್ಲಿ ಇಲ್ಲದ ಸುಕ್ಕನ್ನು ಅಂಗೈಯಿಂದ ತೀಡುತ್ತಲೇ ಇದ್ದಳು. ಭಾನುವಾರದ ಮಧ್ಯಾಹ್ನ ಬೇರೆ. ಯಾವುತೆಪೆಕ್ ರಸ್ತೆಯ ಆ ತೋಟದ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಗ್ಗೆ ಹುಲ್ಲಿಗೆ ಯದ್ವಾತದ್ವಾ ನೀರು ಬಿಟ್ಟಿದ್ದರಿಂದ ಕುರ್ಚಿಯ ಕಾಲುಗಳು ಮಣ್ಣಿನಲ್ಲಿ ಹೂತು, ಕೂತವರೆಲ್ಲ ಒಂದಿಷ್ಟು ವಾಲಿಕೊಂಡೇ ಉಣ್ಣುತ್ತಿದ್ದರು. ಸೀಬೆಮರಗಳ ಕೆಳಗೆ ಮಕ್ಕಳು ಉಯ್ಯಾಲೆಗಾಗಿ ಕಿತ್ತಾಡುತ್ತಿದ್ದವು. ಹುಲ್ಲಿನ ಚಪ್ಪರದಡಿ ಇಬ್ಬರು ಹೆಂಗಸರು ದೊಡ್ಡ ಹೆಂಚಿನ ಮುಂದೆ ನಿಂತು ಜೋಳದ ತೋರ್ತಿಯಾ ರೊಟ್ಟಿ ತಟ್ಟುತ್ತಿದ್ದರು. ಗಿಟಾರು ಹಿಡಿದ ಮೂವರು ಹಾಡುಗಾರರು ಯಾರಾದರೂ ಕರೆದಾರೇ ಎಂದು ಮೇಜುಗಳ ನಡುವೆ ಸುಳಿದಾಡುತ್ತಿದ್ದರು.

"ನೀವು ಮೊದ್ಲು ಶರಬತ್ತು ಕುಡೀರಿ," ಎಂದಳು ರೆಮೆದಿಯೊಸ್. "ಬಿಸಿಲಲ್ಲಿ ಬಂದಿದೀರಿ."

ಈ 'ನೀವು' ಅವರಿಬ್ಬರ ನಡುವೆ ಮೊದಲಿನಿಂದ ಇದ್ದದ್ದಲ್ಲ. ಒಂದೇ ವಠಾರದಲ್ಲಿ, ಒಂದೇ ನಲ್ಲಿಯ ನೀರಿಗಾಗಿ ಜಡೆ ಹಿಡಿದು ಜಗಳವಾಡಿ ಬೆಳೆದವರು ಅವರು. ಆಗೆಲ್ಲ 'ಏನೇ', 'ಬಾರೇ', 'ಹೋಗೇ'. ಆಮೇಲೆ ರೆಮೆದಿಯೊಸ್‌ಗೆ ಯೆಸೆನಿಯಾ ಹುಟ್ಟಿದಳು. ಇಗರ್ಜಿಯಲ್ಲಿ ಜ್ಞಾನಸ್ನಾನದ ನೀರಿನ ಮೇಲೆ ಆ ಕೂಸನ್ನು ಎಲ್ವಿರಾ ಎತ್ತಿ ಹಿಡಿದಳು ನೋಡಿ, ಅಲ್ಲಿಗೆ ಎಲ್ಲ ಬದಲಾಯಿತು. ಎಲ್ವಿರಾ ಕೂಸಿಗೆ ಮದ್ರಿನಾ, ಅಂದರೆ ಜ್ಞಾನತಾಯಿ ಆದಳು, ಕೂಸಿನ ತಾಯಿಗೆ ಕೊಮಾದ್ರೆ ಆದಳು. ಇಗರ್ಜಿಯ ಮೆಟ್ಟಿಲಿಳಿಯುತ್ತ ರೆಮೆದಿಯೊಸ್, "ಬನ್ನಿ ಕೊಮಾದ್ರೆ, ಊಟಕ್ಕೆ ಹೋಗೋಣ" ಎಂದಾಗ ಎಲ್ವಿರಾಗೆ ಫಕ್ಕನೆ ನಗು ಬಂತು. ಗೆಳತಿ ನಗಲಿಲ್ಲ. ಅವತ್ತಿನಿಂದ ಇಬ್ಬರ ನಾಲಿಗೆಯೂ ಒಂದು ಸಲವೂ ಜಾರಿರಲಿಲ್ಲ.

ನಮ್ಮ ಕಡೆ ಹಾಗೆಯೇ. ಗಂಡನಿಗೆ ಏಕವಚನ, ನಾಯಿಗೆ ಏಕವಚನ, ಮೊಣಕಾಲೂರಿ ಬೇಡಿಕೊಳ್ಳುವಾಗ ದೇವರಿಗೂ ಏಕವಚನವೇ. ಕೊಮಾದ್ರೆಗೆ ಮಾತ್ರ ಸಾಯುವ ತನಕ ಬಹುವಚನ. ಸಂತೆಯಲ್ಲಿ ಕೋಳಿ ಮಾರುವ ಇಬ್ಬರು ಕೊಮಾದ್ರೆಗಳು ಹಿಂದೊಮ್ಮೆ ಸಿಟ್ಟಿನ ಭರದಲ್ಲಿ 'ನೀನು' 'ನೀನು' ಅಂದುಕೊಂಡುಬಿಟ್ಟರು. ಅಷ್ಟೇ. ಒಬ್ಬಳ ಹೆಣ ಬೀದಿಯಲ್ಲಿ ಹೋಗುವಾಗ ಇನ್ನೊಬ್ಬಳು ತಕ್ಕಡಿ ಕೆಳಗಿಡಲಿಲ್ಲ.

"ಕೊಮಾದ್ರೆ," ಎಂದಳು ರೆಮೆದಿಯೊಸ್, ದನಿ ತಗ್ಗಿಸಿ. "ನನ್ನ ಮಗಳನ್ನ ನೀವು ಬಚ್ಚಿಟ್ಟಿದೀರಿ."

ಎಲ್ವಿರಾ ಶರಬತ್ತಿನ ಲೋಟ ಕೆಳಗಿಟ್ಟಳು. "ಯಾರು ಹೇಳಿದ್ದು?"

"ನಿಮ್ಮ ಹಸಿರು ಶಾಲು ಹೊದ್ಕೊಂಡು ಅವಳು ಬಸ್ ಹತ್ತಿದ್ದನ್ನ ಕಂಡೋರಿದಾರೆ. ಪಾಸ್ಕ ಹಬ್ಬ ಕಳೆದು ಎಷ್ಟು ದಿನ ಆಯ್ತು? ಸಂತೇಲಿ ಸಿಕ್ಕಾಗೆಲ್ಲ ನನ್ನ ಕೈ ಹಿಡ್ಕೊಂಡು 'ದೇವರಾಣೆ ನಂಗೊತ್ತಿಲ್ಲ ಕೊಮಾದ್ರೆ' ಅಂದಿರಲ್ಲ. ಮಗಳು ಬದುಕಿದಾಳೋ ಇಲ್ವೋ ಅಂತ ನಾನು ಒದ್ದಾಡ್ತಿದ್ರೆ, ನಿಮ್ಮ ಗಂಟಲಲ್ಲಿ ತುತ್ತು ಹೇಗೆ ಇಳೀತು?"

ಇಳಿದಿರಲಿಲ್ಲ. ಆದರೆ ಅದನ್ನು ಯಾರಿಗೆ ಹೇಳುವುದು? ತಪಸ್ಸುಕಾಲದ ಒಂದು ಮುಂಜಾನೆ ಯೆಸೆನಿಯಾ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಎಲ್ವಿರಾಳ ಬಾಗಿಲಿಗೆ ಬಂದಿದ್ದಳು. ಎಡಗೈ ಮೇಲೆತ್ತಲಾಗುತ್ತಿರಲಿಲ್ಲ. ಎಷ್ಟೋ ಮಕ್ಕಳ ಶಾಲೆಯ ಅಂಗಿ ಹೊಲಿದ ಎಲ್ವಿರಾ, ಅವತ್ತು ಆ ಹುಡುಗಿಯ ರವಿಕೆಯ ತೋಳನ್ನು ಕತ್ತರಿಯಿಂದ ಸೀಳಿ ತೆಗೆಯಬೇಕಾಯಿತು. ಒಳಗೆ ತೋಳೆಲ್ಲ ಏಟಿಗೆ ನೀಲಿಗಟ್ಟಿತ್ತು. "ಅಮ್ಮನಿಗೆ ಹೇಳ್ಬೇಡಿ ಮದ್ರಿನಾ," ಎಂದು ಯೆಸೆನಿಯಾ ಗೋಡೆಯ ಮೇಲಿನ ಗ್ವಾದಲೂಪೆ ಮಾತೆಯ ಪಟದ ಮುಂದೆ ಆಣೆ ಹಾಕಿಸಿಕೊಂಡಳು. "ಅಮ್ಮ ನನ್ನ ಗಂಡನಿಗೆ ಹೇಳಿಬಿಡ್ತಾಳೆ. ಕೆಟ್ಟದ್ದಾಗ್ಲಿ ಅಂತಲ್ಲ, ಒಳ್ಳೇದಾಗ್ಲಿ ಅಂತಾನೇ ಹೇಳ್ತಾಳೆ." ಎಲ್ವಿರಾ ಅವಳನ್ನು ಪಾಚೂಕಾದಲ್ಲಿದ್ದ ತನ್ನ ನಾದಿನಿಯ ಮನೆಗೆ ಕಳಿಸಿಕೊಟ್ಟಿದ್ದಳು.

"ಬದುಕಿದಾಳೆ," ಎಂದಳು ಎಲ್ವಿರಾ ಈಗ. ಇನ್ನು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ. "ಚೆನ್ನಾಗಿದಾಳೆ. ಉಣ್ತಾಳೆ, ಮಲಗ್ತಾಳೆ. ಸ್ವಲ್ಪ ಮೈ ಕೈ ತುಂಬ್ಕೊಂಡಿದಾಳಂತೆ."

ರೆಮೆದಿಯೊಸ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ ಬಿಕ್ಕಿದಳು. ಪಾಚೂಕಾ ಎಂಬ ಹೆಸರು ಎಲ್ವಿರಾಳ ನಾಲಿಗೆಯ ತುದಿಗೇ ಬಂದು ಕೂತಿತು. ಹೆತ್ತ ತಾಯಿಗಿಂತ ತಾನು ಯಾವ ದೊಡ್ಡವಳು? ಹೇಳಿಬಿಡೋಣ, ಕಾಲು ಹಿಡಿದು ಅಳಿಯನಿಗೆ ಹೇಳಬೇಡಿ ಅಂದರಾಯಿತು ಎಂದುಕೊಂಡಳು.

"ಮೂರನೇ ತಟ್ಟೆ ಉರಿಯೆಲ್‌ಗೆ," ಎಂದಳು ರೆಮೆದಿಯೊಸ್ ಕಣ್ಣೊರೆಸಿಕೊಂಡು. "ಗಾಡಿ ನಿಲ್ಲಿಸೋಕೆ ಹೋಗಿದಾನೆ. ನೀವು ಸಿಟ್ಟು ಮಾಡ್ಕೋಬೇಡಿ. ಬದಲಾಗಿದಾನೆ ಕೊಮಾದ್ರೆ. ದಿನಾ ಬಂದು ನನ್ನ ಅಡುಗೆಮನೇಲಿ ಕೂತು ಅಳ್ತಾನೆ."

ಅಳಿಯ ಆಗಲೇ ಗೇಟಿನಿಂದ ಒಳಗೆ ಬರುತ್ತಿದ್ದ. ನೀರು ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ದಾಟುವ ಪ್ರತಿ ಮೇಜಿಗೂ ತಲೆಬಾಗಿ "ಊಟ ಹಿಡಿಸಲಿ, ಊಟ ಹಿಡಿಸಲಿ" ಎನ್ನುತ್ತ ಬಂದ. ಒಬ್ಬಳು ಮುದುಕಿಯಂತೂ ಅವನು ಹೋದ ಮೇಲೂ ಮೆಚ್ಚುಗೆಯಿಂದ ನೋಡುತ್ತಿದ್ದಳು. ಅತ್ತೆಯ ಕೆನ್ನೆಗೆ ಮುತ್ತಿಟ್ಟ. ಎಲ್ವಿರಾಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಮದ್ರಿನಾ, ನೀವು ನನ್ನ ಮುಖಕ್ಕೆ ಉಗಿದ್ರೂ ಸರಿ. ತಪ್ಪೆಲ್ಲ ನಂದೇ. ಕುಡಿಯೋದು ಬಿಟ್ಟಿದೀನಿ. ಇಗರ್ಜೀಲಿ ಮಾತೆ ಮುಂದೆ, ಒಂದು ವರ್ಷ ಮುಟ್ಟಲ್ಲ ಅಂತ ಆಣೆ ಹಾಕಿದೀನಿ."

"ನಾನೇ ಜೊತೇಲಿದ್ದೆ," ಎಂದಳು ರೆಮೆದಿಯೊಸ್ ಹೆಮ್ಮೆಯಿಂದ.

ಊಟ ಬಂತು. ಉಪ್ಪು ಸವರಿ ಒಣಗಿಸಿ ಕೆಂಡದಲ್ಲಿ ಸುಟ್ಟ ಮಾಂಸ, ಗಟ್ಟಿ ಕೆನೆ, ಹುರಿದ ಕಳ್ಳಿಯೆಲೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ತೋರ್ತಿಯಾ. ಉರಿಯೆಲ್ ತಾನೇ ಇಬ್ಬರಿಗೂ ಬಡಿಸಿದ. ತಿನ್ನುತ್ತ ಮಾತಾಡಿದ. ಚೆನ್ನಾಗಿಯೇ ಮಾತಾಡುತ್ತಿದ್ದ ಪುಣ್ಯಾತ್ಮ. ಹೆಂಡತಿ ಇಲ್ಲದ ಮನೆ ಹೇಗೆ ಬಿಕೋ ಎನ್ನುತ್ತದೆ, ಅವಳ ಗಿಡಗಳಿಗೆ ತಾನೇ ಹೇಗೆ ನೀರು ಹಾಕುತ್ತಿದ್ದೇನೆ, ಎಲ್ಲ ಹೇಳಿದ. ರೆಮೆದಿಯೊಸ್ ಒಂದೊಂದು ಮಾತಿಗೂ ತಲೆಯಾಡಿಸುತ್ತ, ನೋಡಿದಿರಾ ಎಂಬಂತೆ ಕೊಮಾದ್ರೆಯ ಕಡೆ ತಿರುಗುತ್ತಿದ್ದಳು.

"ಜನ ಏನೇನೋ ಅಂತಾರೆ ಮದ್ರಿನಾ. ಅವಳನ್ನ ನಾನು ಜೋಪಾನ ಮಾಡಿದಷ್ಟು ಯಾರು ಮಾಡ್ತಾರೆ ಹೇಳಿ. ಕೆಲಸಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕ್ಕೊಂಡೇ ಹೋಗ್ತಿದ್ದೆ. ಕಾಲ ಕೆಟ್ಟಿದೆ ನೋಡಿ, ಒಂಟಿ ಹೆಂಗಸು."

ರೆಮೆದಿಯೊಸ್‌ಳ ಕೈಯಲ್ಲಿದ್ದ ತೋರ್ತಿಯಾ ಬಾಯಿಯ ತನಕ ಹೋಗಲಿಲ್ಲ. "ಬೀಗನಾ?"

"ಹೌದತ್ತೆ. ಒಳ್ಳೆ ಗಟ್ಟಿ ಬೀಗ."

"ಕಾಂದೆಲಾರಿಯಾ ಹಬ್ಬದ ದಿನ ನಾನು ತಮಾಲೆ ಕಡುಬು ಮಾಡ್ಕೊಂಡು ಬಂದಿದ್ದೆ. ಎಷ್ಟು ಬಾಗಿಲು ಬಡಿದೆ."

"ಒಳಗೇ ಇದ್ಲು," ಎಂದು ಉರಿಯೆಲ್ ನಕ್ಕ. "ಬಾಗಿಲ ಸಂದಿಯಿಂದ ಬೀದಿಗೆ ಕೇಳೋ ಹಾಗೆ ಮಾತಾಡ್ಬಾರ್ದು ಅಂತ ಹೇಳಿದ್ದೆ. ಪಾಪ, ಉಸಿರೆತ್ತಲಿಲ್ಲ. ತಮಾಲೆ ಹೊಸ್ತಿಲಲ್ಲೇ ಇತ್ತು. ಸಂಜೆ ಬಂದು ನಾನೇ ತಿಂದೆ. ಬಲು ರುಚಿಯಾಗಿತ್ತು ಅತ್ತೆ."

ಆ ಬಾಗಿಲಿನ ಕಥೆಯನ್ನು ಎಲ್ವಿರಾ ಎಷ್ಟು ಸಲ ಕೇಳಿದ್ದಳೋ. ಒಂದು ಇಡೀ ಮಧ್ಯಾಹ್ನ ರೆಮೆದಿಯೊಸ್ ಆ ಹೊಸ್ತಿಲ ಮುಂದೆ ಕಾದು, ಕೊನೆಗೆ ಪಾತ್ರೆಯನ್ನು ಅಲ್ಲೇ ಇಟ್ಟು, ಹೆತ್ತವಳಿಗೆ ಬಾಗಿಲು ತೆಗೆಯದ ಮಗಳು ಇದ್ದರೆಷ್ಟು ಸತ್ತರೆಷ್ಟು ಎಂದು ಕೂಗಿಕೊಂಡು ಬಂದಿದ್ದಳು. ಹಾಗೆ ಕೂಗಿದ್ದನ್ನು ತಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಈಗ ಅವಳ ಮುಖದಲ್ಲಿ ರಕ್ತದ ಹನಿಯೂ ಇರಲಿಲ್ಲ. ಕೈಯಲ್ಲಿದ್ದ ತೋರ್ತಿಯಾವನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟಳು.

ಉರಿಯೆಲ್ ಅದನ್ನು ಗಮನಿಸಲಿಲ್ಲ. ಅವನ ಕಣ್ಣು ಎಲ್ವಿರಾಳ ಮೇಲಿತ್ತು. "ಎಲ್ಲಿದಾಳೆ ಅಂತ ಹೇಳಿಬಿಡಿ ಮದ್ರಿನಾ. ಗಾಡಿಗೆ ಪೆಟ್ರೋಲ್ ತುಂಬಿಸ್ಕೊಂಡೇ ಬಂದಿದೀನಿ. ಅತ್ತೇನೂ ಜೊತೇಲಿ ಬರ್ತಾರೆ. ಕತ್ತಲಾಗೋದ್ರೊಳಗೆ ಮನೆಗೆ ಕರ್ಕೊಂಡು ಬಂದುಬಿಡ್ತೀವಿ." ಮೇಜಿನ ಮೇಲಿದ್ದ ಅವಳ ಮಣಿಕಟ್ಟಿನ ಮೇಲೆ ಕೈಯಿಟ್ಟ. ಒತ್ತಲಿಲ್ಲ, ಇಟ್ಟ ಅಷ್ಟೇ. ಎಲ್ವಿರಾಗೆ ಭಯವಾಯಿತು. ಯಾವುದಾದರೊಂದು ಊರಿನ ಹೆಸರು ಹೇಳಿ ಪಾರಾಗೋಣವೆಂದು ಬಾಯಿ ತೆರೆದಳು.

"ಮುಚ್ಚು ಬಾಯಿ ನೀನು!"

ಹೇಳಿದವಳು ರೆಮೆದಿಯೊಸ್. ಹೇಳಿದ್ದು ಕೊಮಾದ್ರೆಗೆ.

ಬಡಿಸುವ ಹೆಂಗಸು ಅಲ್ಲೇ ನಿಂತುಬಿಟ್ಟಳು. ಎಲ್ವಿರಾಳ ಕೆನ್ನೆ, ಯಾರೋ ಬಾರಿಸಿದ ಹಾಗೆ ಬಿಸಿಯಾಯಿತು. ಇಷ್ಟು ವರ್ಷಗಳಲ್ಲಿ ಗಂಡಂದಿರು ಸತ್ತಾಗ, ಸಾಲುಸಾಲು ಜಗಳಗಳಾದಾಗ ಬಾರದ ಮಾತು ಇವತ್ತು ತುಂಬಿದ ಹೋಟೆಲಿನಲ್ಲಿ, ಅವನ ಎದುರಿಗೆ ಬಂದುಬಿಟ್ಟಿತಲ್ಲ! ಮುಗಿಯಿತು, ಇನ್ನು ಇವಳ ಹೆಣಕ್ಕೆ ನಾನಿಲ್ಲ, ನನ್ನ ಹೆಣಕ್ಕೆ ಇವಳಿಲ್ಲ ಅನ್ನಿಸಿತು.

"ಮಗಳನ್ನ ಕದ್ದೋಳು ನೀನು," ಎಂದು ರೆಮೆದಿಯೊಸ್ ಕಿರುಚಿದಳು. "ನಿನ್ನ ಬಾಯಿಂದ ಇನ್ನೊಂದು ಮಾತು ಬರಕೂಡ್ದು. ಎದ್ದು ನಡಿ!"

"ಅತ್ತೆ, ತಡೀರಿ, ಅವರು ಹೇಳ್ತಿದ್ರು..."

"ಏನು ಹೇಳ್ತಾಳೆ ಇವಳು, ಕರ್ಮ! ಹುಟ್ಟಾ ಸುಳ್ಳಿ. ನಲ್ಲಿ ಹತ್ರ ಕೊಡ ಇಟ್ಕೊಂಡು ನಿಂತಾಗಿಂದ ನೋಡಿದೀನಿ. ಇವಳ ಮಾತು ಕೇಳ್ಕೊಂಡು ನೀನು ಊರೂರು ಅಲೀಬೇಕಷ್ಟೇ ಮಗನೆ." ಆಮೇಲೆ ಕೊಮಾದ್ರೆಯ ಕಡೆ ತಿರುಗಿದಳು. ದನಿ ಇನ್ನೂ ಅಷ್ಟೇ ಎತ್ತರದಲ್ಲಿತ್ತು, ಕಣ್ಣುಗಳು ಮಾತ್ರ ಬೇರೆ ಏನನ್ನೋ ಬೇಡುತ್ತಿದ್ದವು. "ಇನ್ನೂ ಯಾಕೆ ಕೂತಿದೀಯ? ಹೋಗೇ, ವೀರಾ. ಹೋಗು."

ವೀರಾ. ಆ ಹೆಸರಿನಿಂದ ಅವಳನ್ನು ಕರೆಯುವವರು ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ನಂಟು ಹರಿದುಕೊಂಡವಳು ಯಾರಾದರೂ ಹಾಗೆ ಕರೆಯುತ್ತಾಳೆಯೇ? ಎಲ್ವಿರಾ ಗೆಳತಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಎಲ್ಲ ಅರ್ಥವಾಯಿತು. ಅರ್ಥವಾದ ಮೇಲೆ ಏಳುವುದು ಇನ್ನೂ ಕಷ್ಟವಾಯಿತು.

"ಹೋಗ್ತೀನಿ ಬಿಡೇ," ಎಂದಳು, ಅವಳೂ ಏಕವಚನದಲ್ಲೇ. ಕುರ್ಚಿ ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದರಿಂದ ಪಕ್ಕಕ್ಕೆ ಜಾರಿ ಎದ್ದಳು.

ಉರಿಯೆಲ್ ಕೂಡ ಎದ್ದ. "ನಾನು ಇವರನ್ನ ಬಸ್ಸಿನ ತನಕ..."

"ಕೂತ್ಕೋ ಮಗನೆ." ರೆಮೆದಿಯೊಸ್ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ಅತ್ತೆಯನ್ನ ಅರ್ಧ ಊಟದಲ್ಲಿ ಬಿಟ್ಟು ಏಳ್ತಾರಾ? ಜನ ನೋಡ್ತಿದಾರೆ."

ಜನ ನೋಡುತ್ತಲೇ ಇದ್ದರು. ಆ ಮೆಚ್ಚುಗೆಯ ಮುದುಕಿಯೂ ನೋಡುತ್ತಿದ್ದಳು. ಅವನು ಅಂಗಿ ಸರಿಮಾಡಿಕೊಂಡು ಕೂತ.

ಎಲ್ವಿರಾ ತಿರುಗಿ ನೋಡದೆ ನಡೆದಳು. ಗೇಟಿನ ಹತ್ತಿರ ಬಂದಾಗ ತಡೆಯಲಾಗದೆ ನೋಡಿದಳು. ರೆಮೆದಿಯೊಸ್ ಹಾಡುಗಾರರನ್ನು ಕೈಬೀಸಿ ಕರೆದಿದ್ದಳು. ಮೂವರೂ ಬಂದು ಉರಿಯೆಲ್‌ನ ಕುರ್ಚಿಗೆ ಒತ್ತಿಕೊಂಡಂತೆ ನಿಂತು ಗಿಟಾರಿನ ಕಿವಿ ತಿರುಗಿಸುತ್ತಿದ್ದರು. ಅವನ ತಟ್ಟೆಗೆ ಅವಳು ಮತ್ತೆ ಮಾಂಸ ಬಡಿಸಿದಳು, ಮತ್ತೆ ಕೆನೆ ಹಾಕಿದಳು, ಹೊಸ ತೋರ್ತಿಯಾ ಇಟ್ಟಳು. ಇನ್ನೊಂದು ಕೈ ಇನ್ನೂ ಅವನ ಮುಂಗೈಯನ್ನು ಬಿಟ್ಟಿರಲಿಲ್ಲ.

ರಸ್ತೆಯಲ್ಲಿ ಬೆಟ್ಟದ ಮೇಲಿನ ತಮ್ಮ ಊರಿಗೆ ಹೋಗುವ ಬಸ್ಸು ದೂರದಿಂದ ಬರುತ್ತಿರುವುದು ಕಾಣಿಸಿತು. ಎಲ್ವಿರಾ ಕೈ ಅಡ್ಡ ಹಿಡಿದು ನಿಂತಳು. ಪಕ್ಕದಲ್ಲೇ ಉರಿಯೆಲ್‌ನ ಗಾಡಿ ಬಿಸಿಲಿನಲ್ಲಿ ನಿಂತಿತ್ತು, ಕಿಟಕಿಯ ಗಾಜು ಇಳಿದಿತ್ತು. ಮುಂದಿನ ಸೀಟಿನ ಮೇಲೆ, ಅವನು ಕೂರುವ ಜಾಗದ ಪಕ್ಕದಲ್ಲಿ, ವಾಪಸು ಹೋಗುವಾಗ ಚಳಿಯಾದೀತೆಂದು ರೆಮೆದಿಯೊಸ್ ತನ್ನ ಬೂದು ಸ್ವೆಟರನ್ನು ಮಡಿಸಿಟ್ಟು ಬಂದಿದ್ದಳು.