ಹೇಳದ ವಿಷಯ

ಧಾರಿಣಿಯನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು. ಅವಳ ತಾಯಿ ಸರಳಾ ಮಧ್ಯಾಹ್ನದ ಹೊತ್ತಿಗೆ ದೆಹಲಿಯ ಜನಕಪುರಿಯಲ್ಲಿ ಎರಡನೆಯ ಮಹಡಿಯ ಸುಶೀಲಮ್ಮನ ಮನೆಗೆ ಹತ್ತಿ ಬಂದು, ಕುರ್ಚಿಯಿದ್ದರೂ ಜಮಖಾನೆಯ ಮೇಲೆ ಗೋಡೆಗೊರಗಿ ಕುಳಿತರು. ಸುಶೀಲಮ್ಮ ನೀರು ತಂದಿಟ್ಟರು. ನಾಳೆ ಬೀದರಿಗೆ ಹೊರಡುವವರು ಹೇಳಿ ಹೋಗಲು ಬಂದಿರಬೇಕು ಎಂದುಕೊಂಡರು. ಅಷ್ಟೇ ಆಗಿರಲಿ ಎಂದು ಒಳಗೊಳಗೇ ಬೇಡಿಕೊಂಡರು ಕೂಡ.

ಹದಿನಾಲ್ಕು ವರ್ಷದಿಂದ ಪ್ರತಿ ಭಾನುವಾರ ಆ ಜಮಖಾನೆಯ ಮೇಲೆಯೇ ಸಭೆ ಸೇರುತ್ತಿತ್ತು. ದೆಹಲಿಯಲ್ಲಿದ್ದೂ ಕನ್ನಡದಲ್ಲೇ ಹಾಡಿ ಪ್ರಾರ್ಥಿಸಬೇಕೆನ್ನುವ ಹದಿನೈದು ಇಪ್ಪತ್ತು ಜನ. ಗೋಪುರವಿಲ್ಲ, ಗಂಟೆಯಿಲ್ಲ, ಪಾದ್ರಿಯಿಲ್ಲ. ಶುರುಮಾಡಿದವರು ಸುಶೀಲಮ್ಮನ ಗಂಡ ದೇವದಾನಪ್ಪ. ಎಲ್ಲರಿಗೂ ಅವರು ಅಣ್ಣ. ಅವರು ತೀರಿಕೊಂಡು ಮೂರು ವರ್ಷವಾಗಿದ್ದರೂ ಸಭೆ ಅವರು ಹಾಕಿಕೊಟ್ಟ ದಾರಿಯಲ್ಲೇ ನಡೆದಿತ್ತು. ಹೊಸದಾಗಿ ಬಂದವರಿಗೆ ಹಿರಿಯರೊಬ್ಬರು ಜೊತೆಯಾಗಬೇಕು. ಒಂದು ವರ್ಷ, ವಾರಕ್ಕೊಮ್ಮೆ, ಇಬ್ಬರೂ ಕೂತು ಸುವಾರ್ತೆ ಓದಬೇಕು. ದೇವರು ತಮ್ಮನ್ನು ಯಾವ ಕೆಲಸಕ್ಕೆ ಕರೆದಿದ್ದಾನೆಂದು ಕಿರಿಯರು ವರ್ಷದ ಕೊನೆಗೆ ಸಭೆಯ ಮುಂದೆ ಹೇಳಬೇಕು. ಇದಕ್ಕೆ ಅಣ್ಣ ಶಿಷ್ಯತ್ವ ಎನ್ನುತ್ತಿದ್ದರು.

ಇನ್ನೊಂದು ಪದ್ಧತಿಯೂ ಅವರದೇ. ಪ್ರಾರ್ಥನೆಯ ವಿಷಯಗಳನ್ನು ಹೇಳುವಾಗ, ಬಾಯಿಬಿಟ್ಟು ಹೇಳಲಾರದವರು ಸುಮ್ಮನೆ ಅಂಗೈ ಎತ್ತಿದರೆ ಸಾಕು. ಸುಶೀಲಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಅವರ ಹೆಸರು ಬರೆದು ಮುಂದೆ ಒಂದು ಗೀಟು ಎಳೆಯುತ್ತಿದ್ದರು. ಆ ಹೇಳದ ವಿಷಯಕ್ಕಾಗಿ ಎಲ್ಲರೂ ಪ್ರಾರ್ಥಿಸುತ್ತಿದ್ದರು. ಏನೆಂದು ಯಾರೂ ಕೇಳಕೂಡದು. ಜೊತೆಗಿರುವ ಹಿರಿಯರೂ ಕೇಳಕೂಡದು. ಇದಕ್ಕೆ ಕಾರಣವಿತ್ತು. ಹಿಂದೊಮ್ಮೆ ಪೀತಮ್‌ಪುರದಿಂದ ಬರುತ್ತಿದ್ದ ಹೆಂಗಸೊಬ್ಬಳು ಗಂಡನ ಕುಡಿತದ ಬಗ್ಗೆ ಅತ್ತು ಹೇಳಿಕೊಂಡಿದ್ದಳು. ಪ್ರಾರ್ಥನೆಯ ಹೆಸರಿನಲ್ಲೇ ಮಾತು ಬಾಯಿಂದ ಬಾಯಿಗೆ ಹರಡಿ ಎರಡು ವಾರದಲ್ಲಿ ಗಂಡನ ಆಫೀಸು ಮುಟ್ಟಿತು. ಆ ಸಂಸಾರ ದೆಹಲಿಯನ್ನೇ ಬಿಟ್ಟುಹೋಯಿತು. ಅಂದಿನಿಂದ ಅಣ್ಣ ಈ ನಿಯಮ ಮಾಡಿದರು. ಒಳ್ಳೆಯ ನಿಯಮವೆಂದೇ ಎಲ್ಲರೂ ನಂಬಿದ್ದರು.

ಧಾರಿಣಿ ಸಭೆಗೆ ಬಂದದ್ದು ಹೋದ ವರ್ಷ, ಎರಡು ಸಾವಿರದ ಆರರ ಮಾರ್ಚಿನಲ್ಲಿ. ಇಪ್ಪತ್ತೇಳು ವರ್ಷದ ಹುಡುಗಿ; ನೆಹರೂ ಪ್ಲೇಸಿನಲ್ಲಿ ಕೆಲಸ, ಲಕ್ಷ್ಮೀ ನಗರದಲ್ಲಿ ಬಾಡಿಗೆ ಕೋಣೆ. ಅವಳಿಗೆ ಜೊತೆಯಾದವರು ಸುಶೀಲಮ್ಮ. ಗುರುವಾರ ಸಂಜೆ ಬಸ್ಸು, ಮೆಟ್ರೋ ಹಿಡಿದು ಬರುತ್ತಿದ್ದಳು. ಬಂದವಳೇ ನಗಿಸುತ್ತಿದ್ದಳು. "ಆಂಟಿ, ನೀವು ತರಕಾರಿ ಭಯ್ಯಾ ಹತ್ರ ಮಾತಾಡೋದು ಹಿಂದಿ ಅಲ್ಲ. ಕನ್ನಡಕ್ಕೆ ಒಂದೊಂದು 'ಹೈ' ಅಂಟಿಸೋದು, ಅಷ್ಟೇ." ಓದು ಮುಗಿದ ಮೇಲೆ ಮಾತ್ರ ಗಂಭೀರಳಾಗಿ, ದೇವರು ತನ್ನನ್ನು ಯಾವುದಕ್ಕೆ ಕರೆದಿರಬಹುದೆಂದು ಕೇಳುತ್ತಿದ್ದಳು. ಅವಸರ ಬೇಡ, ವರ್ಷ ಮುಗಿಯಲಿ ಎನ್ನುತ್ತಿದ್ದರು ಸುಶೀಲಮ್ಮ.

ಮೇ ತಿಂಗಳಲ್ಲಿ ಅವಳು ಮೊದಲ ಸಲ ಅಂಗೈ ಎತ್ತಿದಳು. ಆಮೇಲೆ ಪ್ರತಿ ಭಾನುವಾರ ಎತ್ತಿದಳು.

ಆಗಸ್ಟಿನ ಒಂದು ಗುರುವಾರ ಕಪಾಟಿನ ಮೇಲಿನ ಹಾಡಿನ ಪುಸ್ತಕ ತೆಗೆಯಲು ಹೇಳಿದಾಗ ಅವಳು ಎಡಗೈ ಚಾಚಿದಳು. ಬಲಗೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಬೆರಳುಗಳು ತುಸು ಊದಿದ್ದವು. ಸುಶೀಲಮ್ಮ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ಎದೆಯಲ್ಲಿ ಗಂಟಾದವರ ಅಂಥ ಕೈಯನ್ನು ಅಲ್ಲಿ ಎಷ್ಟೋ ಸಲ ಕಂಡಿದ್ದರು. ಯಾಕೆ ಹಾಗೆ ಹಿಡಿದಿದ್ದೀಯೆಂಬ ಮಾತು ನಾಲಗೆಯ ತುದಿಗೆ ಬಂತು. ಭಾನುವಾರ ಎತ್ತಿದ್ದ ಅಂಗೈ ಕಣ್ಮುಂದೆ ಬಂತು. ಅವಳು ಹೇಳದ ವಿಷಯ ಇದೇ ಇರಬೇಕೆಂದು ಹೊಳೆಯಿತು. ಹೊಳೆದದ್ದರಿಂದಲೇ ಅವರು ಕೇಳಲಿಲ್ಲ. ಆ ವಾರ ಅವಳಿಗಾಗಿ ಎಲ್ಲರಿಗಿಂತ ಹೆಚ್ಚು ಹೊತ್ತು ಪ್ರಾರ್ಥಿಸಿದರು.

ನವೆಂಬರಿನಲ್ಲಿ ಧಾರಿಣಿ ಆಫೀಸಿನಲ್ಲೇ ಕುಸಿದಳು. ಎದೆಯ ಗಂಟು ಒಡೆದು ಹುಣ್ಣಾಗಿತ್ತು. ಕ್ಯಾನ್ಸರ್ ಬೆನ್ನುಮೂಳೆಗೂ ಹರಡಿತ್ತು. ಬೇಸಿಗೆಯಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ಡಾಕ್ಟರು. ಫೆಬ್ರವರಿಯಲ್ಲಿ ತೀರಿಕೊಂಡಳು. ವರ್ಷ ಮುಗಿಯಲಿಲ್ಲ.

ಸರಳಾ ಹೇಳಿ ಹೋಗಲು ಬಂದಿರಲಿಲ್ಲ.

"ಸಿಸ್ಟರ್, ಆಕಿ ಫೋನಿನ್ಯಾಗ ಸ್ವಲ್ಪ ಆರಾಮಿಲ್ಲ ಅಂತಿದ್ಲು. ಸಭಾದಾಗ ಎಲ್ಲಾರೂ ನನ್ನ ಸಲುವಾಗಿ ಪ್ರಾರ್ಥನಾ ಮಾಡ್ಲಿಕತ್ತಾರ, ಆಂಟಿ ನರ್ಸ್ ಇದ್ದಾರ ಅಂತಿದ್ಲು. ನಿಮ್ಮ ಮುಂದ ಹೇಳ್ಯಾಳಂತ ನಾ ನಿಶ್ಚಿಂತಿ ಇದ್ದೆ. ನಿಮಗೇನು ಹೇಳಿದ್ಲು?"

ಸುಶೀಲಮ್ಮ ಒಳಗೆ ಹೋಗಿ ಪ್ರಾರ್ಥನೆಯ ಪುಸ್ತಕ ತಂದು ಆಕೆಯ ಮುಂದೆ ಬಿಚ್ಚಿಟ್ಟರು. ಸರಳಾ ಮಗಳ ಹೆಸರನ್ನು ಕೂಡಿಸಿ ಓದಿದರು. ಹಾಳೆ ತಿರುವಿ ಮತ್ತೆ ಓದಿದರು. ಎಲ್ಲ ಹಾಳೆಯಲ್ಲೂ ಹೆಸರಿನ ಮುಂದೆ ಒಂದೊಂದು ಗೀಟು.

"ಇದೇನ್ರಿ?"

ಸುಶೀಲಮ್ಮ ನಿಯಮವನ್ನೂ ಅದು ಹುಟ್ಟಿದ ಕಾರಣವನ್ನೂ ವಿವರಿಸಿದರು. ಹೇಳುತ್ತಾ ಹೇಳುತ್ತಾ ತಮ್ಮ ಭಾರ ಇಳಿಯುತ್ತಿರುವುದು ಅವರಿಗೇ ತಿಳಿಯಿತು. ತಪ್ಪು ನಿಯಮದ್ದು, ನಿಯಮ ಸತ್ತ ಗಂಡನದು. ಊದಿದ ಬೆರಳನ್ನು ತಾವು ಕಂಡಿದ್ದ ವಿಷಯ ಲೋಕದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಈ ತಾಯಿ ಅತ್ತು, ಕೈಮುಗಿದು ಹೋಗುತ್ತಾಳೆ.

"ಸರಳಮ್ಮ, ಆಗಸ್ಟಿನಲ್ಲೇ ನಾನು ಅವಳ ಕೈ ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು. ಕೇಳಲಿಲ್ಲ."

ಕೆಳಗೆ ಬೀದಿಯಲ್ಲಿ ಹಳೇ ಪೇಪರಿನವನು ಕೂಗುತ್ತಾ ಹೋದ. ಸರಳಾ ಪುಸ್ತಕ ಮುಚ್ಚಿ ಸುಶೀಲಮ್ಮನ ಕಡೆ ಸರಿಸಿದರು.

"ಇಷ್ಟು ದಿನ ಆಕಿಗಿ ಏನು ಕಲಿಸಿದ್ರಿ?"

"ಶಿಷ್ಯಳಾಗೋದು."

"ಯಾರಿಗಿ?" ಎಂದರು ಸರಳಾ. "ನಾ ಎರಡನೇ ಇಯತ್ತೆ ಓದಿದಾಕಿ. ಆದ್ರ ಸುವಾರ್ತಿದಾಗ ದಾರಿ ಬಾಜೂಕ ಕುಂತಿದ್ದ ಕುರುಡನ ಕತಿ ನನಗೂ ಗೊತ್ತದ. ಕಣ್ಣಿಲ್ಲ ಅಂತ ಎದುರಿಗೇ ಕಾಣಿಸ್ತಿತ್ತು. ಆದ್ರೂ ಕರ್ತ ನಿಂತು, ನಿನಗೇನು ಬೇಕಪಾ ಅಂತ ಕೇಳ್ದ."

ನೀರು ಮುಟ್ಟದೆ ಎದ್ದರು. ಮೆಟ್ಟಿಲಿನ ಬಳಿ ಸುಶೀಲಮ್ಮ ಕ್ಷಮಿಸಿರೆಂದು ಕೈಹಿಡಿದರು. ಸರಳಾ ಕೈ ಬಿಡಿಸಿಕೊಳ್ಳಲಿಲ್ಲ. "ಕ್ಷಮಾ ಮಾಡೂ ಮನಸ್ಸು ಈಗ ಬರಂಗಿಲ್ರಿ. ಬಂದಾಗ ಕಾಗದ ಹಾಕ್ತೀನಿ," ಎಂದು ಇಳಿದು ಹೋದರು.

ಅಣ್ಣನ ನಂತರ ಸಭೆಯಲ್ಲಿ ಹಿರಿಯರೆಂದರೆ ಗೋಪಿನಾಥ. ಭಾನುವಾರ ಜನ ಸೇರುವ ಮೊದಲೇ ಸುಶೀಲಮ್ಮ ಅವರಿಗೆ ನಡೆದದ್ದೆಲ್ಲ ತಿಳಿಸಿ, ಇನ್ನು ಗೀಟು ಎಳೆಯಲಾರೆನೆಂದರು. ಗೋಪಿನಾಥ ಕನ್ನಡಕ ತೆಗೆದು ಒರೆಸಿದರು. ಎಲ್ಲ ದೇವರ ಚಿತ್ತ, ಒಬ್ಬ ಹುಡುಗಿಗಾಗಿ ಪದ್ಧತಿ ಮುರಿದರೆ ಬರುವವರೂ ಬರುವುದಿಲ್ಲವೆಂದರು. ಕೊನೆಗೆ, "ಅಣ್ಣನ ಮನೆಯಲ್ಲೇ ಅಣ್ಣನ ಮಾತು ಮುರಿಯೋದಾ, ಸುಶೀಲಮ್ಮ?" ಎಂದರು. ಸುಶೀಲಮ್ಮ ಪುಸ್ತಕ, ಪೆನ್ನು ಹಿಡಿದು ಎಂದಿನ ಜಾಗದಲ್ಲಿ ಕುಳಿತರು.

ಹಾಡಾಯಿತು, ಓದಾಯಿತು. ವಿಷಯಗಳನ್ನು ಹೇಳುವ ಹೊತ್ತಿಗೆ ಬಾಗಿಲ ಬಳಿ ಕುಳಿತಿದ್ದ ಯಶವಂತ ಅಂಗೈ ಎತ್ತಿದ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗ. ಈಚೆಗೆ ಬಹಳ ಇಳಿದುಹೋಗಿದ್ದ. ಸುಶೀಲಮ್ಮ ಅವನ ಹೆಸರು ಬರೆದರು. ಪೆನ್ನನ್ನು ಕೆಳಗಿಟ್ಟರು.

"ಯಶವಂತ, ಏನದು?"

ಎಲ್ಲರೂ ತಲೆಯೆತ್ತಿದರು. ಗೋಪಿನಾಥ ಕೆಮ್ಮಿದರು. ಹುಡುಗನ ಕೈ ಕೆಳಗಿಳಿಯಿತು. "ಏನಿಲ್ಲ ಆಂಟಿ," ಎಂದ. ಕೊನೆಯ ಹಾಡು ಶುರುವಾದಾಗ ಎದ್ದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಸುಶೀಲಮ್ಮ ಹಾಡಿನ ನಡುವೆಯೇ ಎದ್ದರು. ಹಾಗೆ ಎಂದೂ ಎದ್ದವರಲ್ಲ. ಮಂಡಿನೋವಿನಿಂದ ಮೆಟ್ಟಿಲಿಗೊಮ್ಮೆ ನಿಂತು, ಕಂಬಿ ಹಿಡಿದು ಇಳಿದರು. ಅವನು ಪಾರ್ಕಿನ ಗೇಟಿನ ಬಳಿ ಸೈಕಲ್ ರಿಕ್ಷಾಕ್ಕಾಗಿ ನಿಂತಿದ್ದ.

"ಎಲ್ಲರ ಮುಂದೆ ಕೇಳಿದ್ದು ನನ್ನ ತಪ್ಪು," ಎಂದರು ಏದುಸಿರು ಬಿಡುತ್ತಾ. "ಇಲ್ಲಿ ಯಾರೂ ಇಲ್ಲ. ಹೇಳೋದು ಬೇಡ ಅನ್ನಿಸಿದರೆ ಹೇಳಬೇಡ. ಆದರೆ ನಾನು ಕೇಳದೆ ಹೋಗಲ್ಲ."

ಒಂದು ರಿಕ್ಷಾ ಬಂದು ನಿಂತು, ಯಾರೂ ಹತ್ತದಿರುವುದನ್ನು ಕಂಡು ಮುಂದೆ ಹೋಯಿತು. ಮೇಲೆ ಹಾಡು ಮುಗಿಯಿತು. ಗೋಪಿನಾಥ ಬಾಲ್ಕನಿಗೆ ಬಂದು ಬಗ್ಗಿ ನೋಡಿ, ಒಳಗೆ ಹೋದರು. ಇನ್ನು ಮುಂದೆ ಈ ಮನೆಗೆ ಎಷ್ಟು ಜನ ಬರುವರೋ ಸುಶೀಲಮ್ಮನಿಗೆ ಗೊತ್ತಿರಲಿಲ್ಲ. ಪಾರ್ಕಿನ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತಿನ ಮೇಲೆ ಹುಡುಗನೂ ಕುಳಿತ.

"ನಿದ್ದೆ ಬರೋದಿಲ್ಲ ಆಂಟಿ," ಎಂದ. "ನಾಲ್ಕು ತಿಂಗಳಾಯ್ತು."

ಪ್ರಾರ್ಥಿಸೋಣ ಎನ್ನಲು ಅವರ ಕೈಗಳು ತಾವಾಗಿ ಕೂಡಿಕೊಳ್ಳಹೊರಟವು. ಅವನ್ನು ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು, ಅವನ ಮುಖ ನೋಡಿ ಕೇಳಿದರು:

"ಆಮೇಲೆ?"