ನೋರಾ ಕೆರೆ ದಾಟಿದ ಮನೆ

ಬೋರ್ಗಿಲ್ಡ್ ಸ್ಕಾರ್‌ಲಾಂಡ್ ಹುಟ್ಟಿ ಬೆಳೆದದ್ದೆಲ್ಲ ನೋರಾ ಕೆರೆಯ ದಂಡೆಯಲ್ಲೇ. ಆದರೂ ಏಳರ ಪ್ರಾಯದಿಂದ ಐವತ್ತೆಂಟರವರೆಗೆ, ಒಂದು ಚಳಿಗಾಲದಲ್ಲೂ ಅವಳು ಹೆಪ್ಪುಗಟ್ಟಿದ ಆ ನೀರಿನ ಮೇಲೆ ಕಾಲಿಟ್ಟವಳಲ್ಲ. ಊರಿಗೆ ಊರೇ ಡಿಸೆಂಬರ್ ಬಂತೆಂದರೆ ಅದರ ಮೇಲೆ ಕಾರು ಓಡಿಸುತ್ತಿತ್ತು, ತೂತು ಕೊರೆದು ಮೀನು ಹಿಡಿಯುತ್ತಿತ್ತು. ಇವಳು ಮಾತ್ರ ಆಚೆ ದಡದ ತಂಗಿಯ ಮನೆಗೂ ಒಂಬತ್ತು ಮೈಲಿ ಸುತ್ತಿಕೊಂಡು ರಸ್ತೆಯಲ್ಲೇ ಹೋಗುತ್ತಿದ್ದಳು. ಏಳು ವರ್ಷದವಳಿದ್ದಾಗ ಟಪಾಲಿನ ಕುದುರೆ ಐಸು ಒಡೆದು ಮುಳುಗುವುದನ್ನು ಅವಳು ನೋಡಿದ್ದಳು. ಕುದುರೆ ಕೂಗಲಿಲ್ಲ. ತಲೆಯನ್ನಷ್ಟೇ ಮೇಲಿಟ್ಟುಕೊಂಡು ದಡದಲ್ಲಿ ನಿಂತಿದ್ದ ಮಕ್ಕಳನ್ನೇ ನೋಡುತ್ತಿತ್ತು.

ಅಂಥವಳೇ ಒಂದು ಮನೆಯನ್ನು ಕೆರೆಯ ಮೇಲೆ ಎಳೆದು ತರಬೇಕೆಂದು ಹಟ ಹಿಡಿದದ್ದು.

ನಾರ್ವೆಯಿಂದ ಮಿನೆಸೋಟಾದ ಈ ಭಾಗಕ್ಕೆ ಬಂದ ಮೊದಲ ನಾಲ್ಕು ಸಂಸಾರಗಳು ೧೮೬೯ರಲ್ಲಿ ಕೆರೆಯ ಆಚೆ ದಡದಲ್ಲಿ ಓಕ್ ದಿಮ್ಮಿಗಳಿಂದ ಕಟ್ಟಿಕೊಂಡ ಮನೆ ಅದು. ಒಳಗೋಡೆಯ ಒಂದು ದಿಮ್ಮಿಯ ಮೇಲೆ ಚಾಕುವಿನಿಂದ ಕೆತ್ತಿದ ಹದಿನಾಲ್ಕು ಹೆಸರುಗಳಿದ್ದವು. ಗಂಟಲುಮಾರಿ ಬಂದ ಚಳಿಗಾಲದಲ್ಲಿ ತೀರಿಕೊಂಡವರವು, ಹೆಚ್ಚಿನವು ಮಕ್ಕಳ ಹೆಸರು. ಆಗಿನ್ನೂ ಚರ್ಚು ಇರಲಿಲ್ಲ, ಪಾದ್ರಿಯ ದಾಖಲೆ ಪುಸ್ತಕವೂ ಇರಲಿಲ್ಲ. ಹೂಳಿದ ಜಾಗದಲ್ಲಿ ನೆಟ್ಟ ಮರದ ಶಿಲುಬೆಗಳು ಕೊಳೆತು ಎಷ್ಟೋ ಕಾಲವಾಗಿತ್ತು. ಆ ಹದಿನಾಲ್ಕು ಜೀವಗಳು ಭೂಮಿಯ ಮೇಲಿದ್ದವು ಎನ್ನುವುದಕ್ಕೆ ಈ ದಿಮ್ಮಿಯನ್ನು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ.

ಆ ಮನೆಯಿದ್ದ ಜಮೀನು ಕೊಂಡ ಪಟ್ಟಣದವನಿಗೆ ಅಲ್ಲಿ ಬೇಸಿಗೆಯ ತಂಗುಮನೆಗಳು ಏಳಬೇಕಿತ್ತು. ಏಪ್ರಿಲ್ ಒಂದರೊಳಗೆ ಒಯ್ದರೆ ಸರಿ, ಇಲ್ಲವಾದರೆ ಬೆಂಕಿ ಹಾಕುತ್ತೇನೆ ಎಂದು ಕಾಗದ ಬರೆದಿದ್ದ. ದಿಮ್ಮಿ ಬಿಚ್ಚಿ ತರೋಣವೆಂದರೆ, ಮೂಲೆಯ ಜೋಡಣೆಗಳೆಲ್ಲ ಹುಡಿಹುಡಿಯಾಗಿವೆ, ಬಿಚ್ಚಿದರೆ ಮತ್ತೆ ಕೂರುವುದಿಲ್ಲ ಎಂದ ಬಡಗಿ. ರಸ್ತೆಯ ಸೇತುವೆ ಕಿರಿದು. ಉಳಿದದ್ದು ಕೆರೆಯೊಂದೇ. ಈಚೆ ದಡದಲ್ಲಿ ಹಳೆಯ ಶಾಲೆಯನ್ನೇ ವಸ್ತುಸಂಗ್ರಹಾಲಯ ಮಾಡಿಕೊಂಡಿದ್ದರು. ಬೋರ್ಗಿಲ್ಡ್ ಅಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಈಗ ಅದರ ಕಾರ್ಯದರ್ಶಿ.

ಮನೆಗಳನ್ನು ಬುಡಸಮೇತ ಎತ್ತಿ ಸಾಗಿಸುವ ಕೆಲಸ ಸೆಲ್ಮರ್ ಹಾಗೆರುಡ್‌ನದು. ಬೋರ್ಗಿಲ್ಡಳ ಜೊತೆಗೇ ಓದಿದವನು. ಮಾರ್ಚ್ ಎರಡನೆಯ ವಾರ ಬೆಚ್ಚನೆಯ ತೆಂಕಣ ಗಾಳಿ ಬೀಸಿದಾಗ ಅವನು ಅನುಮಾನಿಸಿದ.

"ಐಸು ಗಟ್ಟಿಯಾಗೇನೋ ಇದೆ ಕಣೇ. ಆದ್ರೆ ಬಣ್ಣ ನಂಗೆ ಹಿಡಿಸ್ತಿಲ್ಲ. ಸುಮ್ನೆ ಮುಂದಿನ ವರ್ಷಕ್ಕೆ ಬಿಟ್ಬಿಡೋಣ."

"ಮುಂದಿನ ವರ್ಷ ಬೂದಿ ಎಳ್ಕೊಂಡು ಬರ್ತೀಯಾ?" ಎಂದಳು ಬೋರ್ಗಿಲ್ಡ್. "ಮಾತು ಕೊಟ್ಟಿದ್ದೀಯಲ್ಲೋ. ನಿಂಗೆ ಭಯವಾದ್ರೆ ಹೇಳು, ಬೇರೆಯವರನ್ನ ಕೇಳ್ತೀನಿ."

ಆ ಕೊನೆಯ ಮಾತನ್ನು ಆಡಬಾರದಿತ್ತು. ಆಡಿದ ಕೂಡಲೇ ಅವಳಿಗೂ ಅದು ಗೊತ್ತಾಯಿತು.

ಗುರುವಾರ ಬೆಳಗ್ಗೆ ಮನೆ ಹೊರಟಿತು. ಎರಡು ಉದ್ದನೆಯ ತೊಲೆಗಳನ್ನು ಜಾರುಬಂಡಿಯಂತೆ ಕೆಳಗಿಟ್ಟು, ಉದ್ದ ಸರಪಳಿಯಿಂದ ಟ್ರ್ಯಾಕ್ಟರಿಗೆ ಬಿಗಿದಿದ್ದರು. ಹಾರಿಕೊಳ್ಳಬೇಕಾಗಿ ಬಂದರೆ ಇರಲಿ ಎಂದು ಸೆಲ್ಮರ್ ಟ್ರ್ಯಾಕ್ಟರಿನ ಬಾಗಿಲು ಕಳಚಿಟ್ಟಿದ್ದ. ಅವನ ಇಬ್ಬರು ಆಳುಗಳು ಮನೆಯ ಹಿಂದೆ ದೂರದಲ್ಲಿ ನಡೆದು ಬರುತ್ತಿದ್ದರು. ಈಚೆ ದಡದಲ್ಲಿ ಬೋರ್ಗಿಲ್ಡ್ ಮತ್ತು ಸೆಲ್ಮರನ ಹೆಂಡತಿ ಟೋರಾ. ಟೋರಾಳಿಗೆ ಮಂಡಿನೋವು, ಊರುಗೋಲಿಲ್ಲದೆ ನಡೆಯಲಾರಳು. ಫ್ಲಾಸ್ಕಿನ ಕಾಫಿಯನ್ನು ಬಗ್ಗಿಸಿ ಕೊಟ್ಟಳು, ಆದರೆ ಮುಖ ನೋಡಲಿಲ್ಲ.

"ಟೀಚರಮ್ಮ, ಒಂದು ಮಾತು ಹೇಳ್ತೀನಿ, ಬೇಜಾರಾದ್ರೂ ಪರವಾಗಿಲ್ಲ. ಸತ್ತೋರ ಹೆಸರು ಉಳಿಸೋಕೆ ಹೊರಟಿದ್ದೀರಿ. ನನ್ನ ಗಂಡನ ಹೆಸರನ್ನೂ ಅದೇ ಮರಕ್ಕೆ ಕೆತ್ತೋ ಹಾಗಾದ್ರೆ, ನಾನೇ ಬಂದು ಕೊಳ್ಳಿ ಇಡ್ತೀನಿ."

ಬೋರ್ಗಿಲ್ಡ್ ಕಾಫಿಯ ಲೋಟ ಕೆಳಗಿಟ್ಟು ಕೆರೆಯತ್ತ ತಿರುಗಿದಳು.

ಮುಕ್ಕಾಲು ಕೆರೆ ಸುಖವಾಗಿ ದಾಟಿತು. ಬಿಸಿಲೇರಿತ್ತು. ಐಸಿನ ಮೇಲೆ ಅಲ್ಲಲ್ಲಿ ನೀರು ನಿಂತು ಹೊಳೆಯುತ್ತಿತ್ತು. ದಡ ಇನ್ನು ಮುನ್ನೂರು ಹೆಜ್ಜೆ ಇದೆ ಎನ್ನುವಾಗ ಕೆರೆಯ ಹೊಟ್ಟೆಯೊಳಗಿಂದ ಒಂದು ಸದ್ದು ಎದ್ದು, ಅವಳ ಕಾಲಡಿಯ ನೆಲಕ್ಕೂ ಬಂದು ಮುಟ್ಟಿತು. ಟ್ರ್ಯಾಕ್ಟರಿನ ಬಲಗಡೆಯ ಹಿಂದಿನ ಚಕ್ರ ಗೇಣುದ್ದ ತಗ್ಗಿತು. ಗಾಡಿ ನಿಂತಿತು. ಚಕ್ರದ ಸುತ್ತ ನೀರು ಕಪ್ಪಗೆ ಉಕ್ಕತೊಡಗಿತು.

ಹಿಂದಿದ್ದ ಆಳುಗಳು ಅಲ್ಲೇ ನಿಂತರು. ಅವರಿಗೂ ಟ್ರ್ಯಾಕ್ಟರಿಗೂ ನಡುವೆ ಬಿರುಕೊಂದು ಬಾಯಿ ಬಿಟ್ಟಿತ್ತು. ಕೈ ಬೀಸಿ ಕೂಗಿದರು, ಗಾಳಿಗೆ ಏನೂ ಕೇಳಿಸಲಿಲ್ಲ. ಸೆಲ್ಮರ್ ಇಳಿಯಲಿಲ್ಲ, ಅಲುಗಾಡಲೂ ಇಲ್ಲ.

"ಯಾಕೆ ಇಳೀತಿಲ್ಲ ಇವರು?" ಎಂದಳು ಟೋರಾ. "ಬಾಗಿಲು ತೆಗೆದೇ ಇಟ್ಟಿದ್ದಾರಲ್ಲ."

ಯಾಕೆಂದು ತನಗೆ ಗೊತ್ತಿದೆ ಎಂದುಕೊಂಡಳು ಬೋರ್ಗಿಲ್ಡ್. ಮಾತು ಕೊಟ್ಟಿದ್ದೀಯಲ್ಲೋ. ಭಯವಾದ್ರೆ ಹೇಳು. ಟೋರಾ ಊರುಗೋಲು ಹಾಕಿ ಐಸಿಗೆ ಇಳಿಯಹೋದಳು. ಬೋರ್ಗಿಲ್ಡ್ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ನಿನ್ನ ಕೈಲಾಗಲ್ಲ. ನಾನು ಹಗುರ ಇದ್ದೀನಿ."

ಶಾಲೆಯ ಗೋಡೆಗೆ ಒರಗಿಸಿದ್ದ ಏಣಿಯನ್ನು ಐಸಿನ ಮೇಲೆ ಅಡ್ಡ ಮಲಗಿಸಿ, ಅದನ್ನು ಮುಂದೆ ತಳ್ಳುತ್ತ ಹೊರಟಳು. ಐವತ್ತು ಹೆಜ್ಜೆಯಲ್ಲಿ ನಿಲ್ಲಲಾಗದೆ ಅಂಬೆಗಾಲಿಗೆ ಇಳಿದಳು. ಕೈಗವಸು ನೆನೆದವು. ಅಂಗೈ ಕೆಳಗೆ ಗಾಜಿನಂಥ ಐಸು, ಅದರೊಳಗೆ ಬಿಳಿಯ ಗುಳ್ಳೆಗಳು, ಅವುಗಳ ಕೆಳಗೆ ಕತ್ತಲೆ. ಕೆಳಗೆ ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕುದುರೆಯ ಮೂಗಿನ ಹೊಳ್ಳೆಗಳು ನೆನಪಿಗೆ ಬಂದವು. ದೇವರನ್ನು ನೆನೆಯೋಣವೆಂದರೆ ಒಂದು ಪ್ರಾರ್ಥನೆಯೂ ನಾಲಿಗೆಗೆ ಬರಲಿಲ್ಲ. ಬಂದದ್ದು ಶಾಲೆಯ ಮಗ್ಗಿ. ಏಳರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಮುಂದೆ ಸಾಗಿದಳು. ಎರಡು ಸಲ ಐಸು ಸಿಡಿಯಿತು. ಎರಡೂ ಸಲ ಏಣಿಯ ಮೇಲೆ ಬೋರಲು ಬಿದ್ದು, ಉಸಿರು ಬಿಗಿಹಿಡಿದು ಕಾದಳು.

ಟ್ರ್ಯಾಕ್ಟರಿನ ಹತ್ತಿರ ಬಂದಾಗ ಸೆಲ್ಮರನ ಮುಖ ಕಾಣಿಸಿತು. ಹಟದ ಮುಖವಲ್ಲ ಅದು. ಬಿಳುಚಿಕೊಂಡಿತ್ತು, ಗದ್ದ ಅದುರುತ್ತಿತ್ತು. ಎರಡು ಕೈಯೂ ಸ್ಟಿಯರಿಂಗನ್ನು ಹಿಡಿದಿದ್ದವು.

"ಸೆಲ್ಮರ್, ಬಿಟ್ಬಿಡೋ. ಮನೆ ಹೋದ್ರೆ ಹೋಗ್ಲಿ. ನೀನು ಇಳಿ. ಮಾತು ವಾಪಸ್ ತಗೊಂಡಿದ್ದೀನಿ."

"ಮಾತಲ್ಲ ಕಣೇ," ಎಂದ ಅವನು, ತುಟಿ ಅಲುಗದಷ್ಟು ಮೆಲ್ಲಗೆ. "ಕೈ ಬರ್ತಿಲ್ಲ. ಬಿಡು ಅಂತೀನಿ, ಬಿಡ್ತಿಲ್ಲ. ಕಾಲೂ ಅಷ್ಟೇ."

ಅರವತ್ತು ಮನೆಗಳನ್ನು ಸಾಗಿಸಿದವನು ಹೆದರಿಕೆಗೆ ಮರಗಟ್ಟಿ ಕೂತಿದ್ದ. ಅದನ್ನು ಕಂಡು ಬೋರ್ಗಿಲ್ಡಳಿಗೆ ಧೈರ್ಯವೇನೂ ಬರಲಿಲ್ಲ. ಅವಳ ಹೆದರಿಕೆ ಇಮ್ಮಡಿಯಾಯಿತು. ಆದರೂ ಏಣಿಯ ತುದಿಯಲ್ಲಿ ನಿಂತು ಅವನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನನಗೂ ಉಚ್ಚೆ ಹೋಗೋ ಹಾಗಾಗಿದೆ. ಏಳು. ಟೋರಾ ದಡದಲ್ಲಿ ನಿಂತು ನನಗೆ ಶಾಪ ಹಾಕ್ತಿದ್ದಾಳೆ. ಅವಳ ಕೈಗೆ ನನ್ನೊಬ್ಬಳನ್ನೇ ಕೊಡ್ಬೇಡ."

ಅವನ ಗಂಟಲಿನಿಂದ ನಗುವಿನಂಥದ್ದೇನೋ ಹೊರಬಿತ್ತು. ಆಮೇಲೆ ಬಲಗೈ ತಾನಾಗಿಯೇ ಸಡಿಲವಾಯಿತು. ಕೆಳಗಿಳಿದು ಏಣಿಯ ಮೇಲೆ ಮೊಣಕಾಲೂರಿ, "ಸರಪಳಿಯ ಪಿನ್ನು ಕೀಳ್ಬೇಕು. ಇಲ್ಲದಿದ್ರೆ ಇದು ಮುಳುಗೋವಾಗ ಮನೆನೂ ಎಳ್ಕೊಂಡು ಹೋಗುತ್ತೆ," ಎಂದ. ಅವನ ಕೈ ಇನ್ನೂ ಸ್ವಾಧೀನಕ್ಕೆ ಬಂದಿರಲಿಲ್ಲ. ಬೋರ್ಗಿಲ್ಡ್ ಟ್ರ್ಯಾಕ್ಟರಿನ ಹಿಂದಕ್ಕೆ ತೆವಳಿ, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಪಿನ್ನು ಹಿಡಿದು ಜಗ್ಗಿದಳು. ಮೂರನೆಯ ಸಲಕ್ಕೆ ಅದು ಕಿತ್ತು ಬಂತು.

ಇಬ್ಬರೂ ದಡ ಮುಟ್ಟಿ ಕಾಲು ಗಂಟೆಯಾಗಿತ್ತೋ ಏನೋ, ಟ್ರ್ಯಾಕ್ಟರು ಹಿಮ್ಮುಖವಾಗಿ ಜಾರಿ, ಸದ್ದಿಲ್ಲದೆ ಒಳಗೆ ಹೋಯಿತು. ಟೋರಾ ಗಂಡನ ಕೋಟಿನ ಕಾಲರು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ತನ್ನ ಶಾಲು ತೆಗೆದು ಬೋರ್ಗಿಲ್ಡಳ ಹೆಗಲ ಮೇಲೆ ಹಾಕಿದಳು.

ಮನೆ ಮಾತ್ರ ಉದ್ದನೆಯ ತೊಲೆಗಳ ಮೇಲೆ ಭಾರ ಹಂಚಿಕೊಂಡು, ಕೊಂಚ ವಾಲಿ, ಕೆರೆಯ ಮೇಲೆಯೇ ನಿಂತಿತು. ಮೂರು ದಿನ ಬೋರ್ಗಿಲ್ಡ್ ಶಾಲೆಯ ಕಿಟಕಿಯಿಂದ ಅದನ್ನೇ ನೋಡುತ್ತ ಕಳೆದಳು. ನಾಲ್ಕನೆಯ ದಿನ ಬಡಗಣ ಗಾಳಿ ತಿರುಗಿ ಚಳಿ ಮತ್ತೆ ಕಚ್ಚಿತು. ಆಚೆ ದಡಕ್ಕೆ ಮರಳಿ ರಸ್ತೆಯಲ್ಲಿ ಸುತ್ತಿ ಬಂದಿದ್ದ ಆಳುಗಳು ಉಕ್ಕಿನ ಹಗ್ಗ ಬಿಗಿದು, ದಡದ ಮೇಲೆ ನಿಂತ ಯಂತ್ರದಿಂದ ಅದನ್ನು ಇಂಚಿಂಚಾಗಿ ಎಳೆದರು. ದಡ ಹತ್ತುವಾಗ ಒಂದು ಮೂಲೆ ಮುರಿಯಿತು. ಹೆಸರುಗಳಿದ್ದ ಗೋಡೆಗೆ ಏನೂ ಆಗಲಿಲ್ಲ.

ಬೇಸಿಗೆಯಲ್ಲಿ ಮನೆ ತೆರೆದ ದಿನ ಊರೆಲ್ಲ ಬಂತು, ಸೆಲ್ಮರ್ ಬರಲಿಲ್ಲ. ಅವನು ಬಂದದ್ದು ಆಗಸ್ಟಿನ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ. ಹೆಸರುಗಳನ್ನು ಒಂದೊಂದಾಗಿ ಓದಿ ಕೇಳಿದ: "ಈ ಮನೆ ಬಂದ ಕತೆ ಬರೆದಿಟ್ಟಿದ್ದೀಯಂತೆ?"

"ಬರೆದಿದ್ದೀನಿ. ಟ್ರ್ಯಾಕ್ಟರು ಮುಳುಗ್ತು ಅಂತ."

"ನಾನು ಕೂತಿದ್ದು?"

"ಅದನ್ನ ಬರೆದಿಲ್ಲ."

ಅವನು ಟೋಪಿಯ ಅಂಚನ್ನು ತಿರುವುತ್ತ ನಿಂತ. "ಬರಿ. ಇದ್ದದ್ದು ಇದ್ದ ಹಾಗೆ ಬರಿ. ಆದ್ರೆ ನಾನು ಸತ್ತ ಮೇಲೆ ತೋರಿಸು." ಬಾಗಿಲವರೆಗೆ ಹೋದವನು ತಿರುಗಿದ. "ಉಚ್ಚೆ ಮಾತು ನೀನೇ ಆಡಿದ್ದು. ಅದನ್ನೂ ಬರೀಬೇಕು ಹಾಗಾದ್ರೆ."

ಬೋರ್ಗಿಲ್ಡ್ ಅಂದೇ ಹೊಸ ಹಾಳೆ ತೆಗೆದಳು. ಇಬ್ಬರೂ ಹೆದರಿದ್ದರು ಎಂದು ಮೊದಲ ಸಾಲು ಬರೆದಳು. ಬರೆಯುವಾಗ, ಐದು ತಿಂಗಳಾಗಿದ್ದರೂ, ಅಂಗೈ ಮತ್ತೆ ತಣ್ಣಗಾಯಿತು.