ಎಡಚಿ ಹೇಳದ ಮಾತು

ಹೊಲಿಗೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಬಟ್ಟೆ ಕತ್ತರಿಸಿದವಳಿಗೆ ಅಲ್ಲಿನವರು ಇಟ್ಟ ಹೆಸರು ಎಡಚಿ. ಮೊದಮೊದಲು ಆ ಹೆಸರು ಕಿವಿಗೆ ಬಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು. ಸಾಲಾಗಿ ನಿಂತ ಮೂವತ್ತು ಮಂದಿಯಲ್ಲಿ ಎಡಗೈಯಲ್ಲಿ ಕತ್ತರಿ ಹಿಡಿಯುತ್ತಿದ್ದವಳು ಅವಳೊಬ್ಬಳೇ. ಅಲ್ಲಿದ್ದ ಕತ್ತರಿಗಳೆಲ್ಲ ಬಲಗೈಯವರಿಗಾಗಿ ಮಾಡಿದವು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಒತ್ತಿದರೆ ಎರಡು ಅಲಗುಗಳೂ ಮುನಿಸಿಕೊಂಡ ಓರಗಿತ್ತಿಯರ ಹಾಗೆ ದೂರ ಸರಿಯುತ್ತವೆ. ನಡುವೆ ಸಿಕ್ಕ ಬಟ್ಟೆ ತುಂಡಾಗುವುದಿಲ್ಲ, ಮಡಚಿಕೊಳ್ಳುತ್ತದೆ. ಅವು ಸರಿಯದಂತೆ ಹೆಬ್ಬೆರಳಿನಿಂದ ತಿರುಚಿ ಹಿಡಿದು ಹಿಡಿದು, ನಲವತ್ತು ತುಂಬುವ ಹೊತ್ತಿಗೆ ಅವಳ ಹೆಬ್ಬೆರಳ ಬುಡದ ಕೀಲು ಸವೆದುಹೋಗಿತ್ತು. "ಇನ್ನು ನಿನ್ನ ಕೈಲಿ ಆಗೋದಿಲ್ಲ ಬಿಡು" ಎಂದು ಕಾರ್ಖಾನೆಯವರು ಒಂದೇ ಮಾತಿನಲ್ಲಿ ಕೈತೊಳೆದುಕೊಂಡರು.

ಆ ಸಿಟ್ಟಿನಲ್ಲೇ ಹುಟ್ಟಿದ್ದು ಅವಳ ವೆಬ್‌ಸೈಟು. ಎಡಗೈಯವರಿಗೆ ಬೇಕಾದ ಕತ್ತರಿ, ಸಿಪ್ಪೆ ತೆಗೆಯುವ ಚಾಕು, ಅಳತೆಪಟ್ಟಿ ಇಂಥವುಗಳಲ್ಲಿ ಯಾವುದು ಗಟ್ಟಿ, ಯಾವುದು ಬರೀ ಬಣ್ಣ ಎಂದು ಅವಳು ಬರೆಯುತ್ತಿದ್ದಳು. ಓದಿದವರು ಕೆಳಗಿನ ಲಿಂಕ್ ಒತ್ತಿ ಕೊಂಡರೆ ಮಾರುವ ಕಂಪನಿಯವರು ಅವಳಿಗೆ ಒಂದಿಷ್ಟು ಕಮಿಷನ್ ಕೊಡುತ್ತಿದ್ದರು. ಕಂಪ್ಯೂಟರಿನ ಕೆಲಸವನ್ನೆಲ್ಲ ಮಾಡಿಕೊಟ್ಟವನು ಮೈದುನ, ಗಂಡನ ಒಬ್ಬನೇ ತಮ್ಮ. "ಬರೆಯೋದು ನೀವು ಅತ್ತಿಗೆ, ಮಿಕ್ಕಿದ್ದು ನನಗೆ ಬಿಡಿ" ಎಂದಿದ್ದ. ಬಿಟ್ಟಳು. ಸೈಟಿಗೆ 'ಎಡಚಿ' ಎಂದೇ ಹೆಸರಿಟ್ಟಳು. ಬೈಗುಳವನ್ನೇ ಬೋರ್ಡು ಮಾಡಿ ತೂಗುಹಾಕಿದರೆ ಬಯ್ಯುವವರ ಬಾಯಿ ಕಟ್ಟುತ್ತದೆ ಎಂಬುದು ಅವಳ ಎಣಿಕೆ.

ಅವಳು ಇಟ್ಟುಕೊಂಡ ಕಟ್ಟುಪಾಡು ಒಂದೇ: ತಿಂಗಳುಗಟ್ಟಲೆ ಕೈಯಲ್ಲಿ ಹಿಡಿಯದ ಸಾಮಾನಿನ ಬಗ್ಗೆ ಒಂದಕ್ಷರ ಬರೆಯಕೂಡದು. ಅಡುಗೆಮನೆಯ ಕಿಟಕಿಯ ಕೆಳಗೆ ಹಳೆಯ ಮೇಜೊಂದಿತ್ತು, ಅದರ ತುಂಬ ಡೆನಿಮ್ಮು, ಹತ್ತಿ, ರೇಷ್ಮೆಯ ತುಂಡುಗಳು. ಒಂದೊಂದು ಕತ್ತರಿಯಲ್ಲೂ ಒಂದೊಂದನ್ನು ನೂರು ಸಲ ಕತ್ತರಿಸಿ, ಕೈ ಎಲ್ಲಿ ನೋಯಿತು ಎಂಬುದನ್ನೂ ಸೇರಿಸಿ ಬರೆಯುತ್ತಿದ್ದಳು. 'ಕತ್ತರಿ ಚೆನ್ನಾಗಿದೆ, ಆದರೆ ಹಿಡಿ ಅತ್ತೆಯ ಮಾತಿನ ಹಾಗೆ, ಸಂಜೆಯ ಹೊತ್ತಿಗೆ ಚುಚ್ಚುತ್ತದೆ' ಎಂದು ಒಮ್ಮೆ ಬರೆದದ್ದನ್ನು ಅವಳ ಅತ್ತೆಯೇ ಮಗನಿಂದ ಓದಿಸಿಕೊಂಡು ನಕ್ಕಿದ್ದರು. ನಾಲ್ಕು ವರ್ಷದಲ್ಲಿ ಆ ಆದಾಯ ಮನೆಯ ಬಾಡಿಗೆಗೆ ಸಾಲುವಷ್ಟಾಯಿತು. ಅದಕ್ಕಿಂತ ಹೆಚ್ಚಾಗಿ ಪತ್ರಗಳು ಬಂದವು. ಕ್ಷೌರಿಕನೊಬ್ಬ ಬರೆದ, ಪುಸ್ತಕ ಕಟ್ಟುವವನೊಬ್ಬ ಬರೆದ, ಎಡಗೈಯಲ್ಲಿ ಬರೆಯುವ ಮಗಳಿಗೆ ಶಾಲೆಯಲ್ಲಿ ಏಟು ಬೀಳುತ್ತದೆ ಎಂದು ಒಬ್ಬ ತಾಯಿ ಬರೆದಳು. ಎಲ್ಲರ ಬಾಯಲ್ಲೂ ಅವಳು ಅಕ್ಕ.

ಕೀಲಿನ ನೋವು ತಡೆಯಲಾಗದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡಳು. ಎರಡು ತಿಂಗಳು ಕೈಗೆ ಪಟ್ಟಿ. "ನೀವು ಸುಮ್ಮನೆ ಮಲಗಿ ಅತ್ತಿಗೆ, ಸೈಟು ನಾನು ನೋಡ್ಕೋತೀನಿ" ಎಂದ ಮೈದುನ. ಆಸ್ಪತ್ರೆಗೆ ಹಣ್ಣು ತಂದ. ಪಟ್ಟಿ ಕಟ್ಟಿದ ಕೈಯ ಫೋಟೋ ತೆಗೆದುಕೊಂಡ. ಯಾಕೆ ಎಂದು ಅವಳು ಕೇಳಲಿಲ್ಲ.

ಪಟ್ಟಿ ಬಿಚ್ಚಿದ ವಾರವೇ ಒಂದು ಪತ್ರ ಬಂತು. ಬರೆದವಳು ಬೇರೊಂದು ಊರಿನ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಹೆಂಗಸು.

'ಅಕ್ಕಾ, ನೀವು ಹೇಳಿದಿರಿ ಅಂತ ಆ ನೀಲಿ ಹಿಡಿಯ ಕತ್ತರಿ ತಗೊಂಡೆ. ಮೊದಲು ಚಿಂದಿ ಮೇಲೆ ನೋಡೋದೇನೂ ಬೇಕಿಲ್ಲ, ಆರು ತಿಂಗಳಿಂದ ನಾನೇ ಬಳಸ್ತಿದೀನಿ, ನೇರ ಒಳ್ಳೆ ಬಟ್ಟೆಗೇ ಹಾಕಿ ಅಂತ ಬರೆದಿದ್ರಿ. ಮದುವೆಗೆ ಅಂತ ಗಿರಾಕಿ ತಂದ ರೇಷ್ಮೆಗೆ ಹಾಕಿದೆ. ಕತ್ತರಿ ಬಟ್ಟೆನ ಕಚ್ಚಿ ಎಳೀತು. ಅಂಥ ಬಟ್ಟೆ ಇನ್ನೊಂದು ಎಲ್ಲೂ ಸಿಗಲಿಲ್ಲ. ಮಾಲೀಕರು ನನ್ನ ಕೆಲಸದಿಂದ ತೆಗೆದರು. ನಿಮ್ಮನ್ನ ಬಯ್ಯೋಕೆ ಬರೀತಿಲ್ಲ. ಯಾಕೆ ಹಾಗೆ ಬರೆದಿರಿ ಅಂತ ತಿಳ್ಕೋಬೇಕು, ಅಷ್ಟೇ.'

ಎಡಚಿ ಅದನ್ನು ಮೂರು ಸಲ ಓದಿದಳು. ನೀಲಿ ಹಿಡಿಯ ಕತ್ತರಿಯನ್ನು ಅವಳು ಕಣ್ಣಲ್ಲೂ ಕಂಡಿರಲಿಲ್ಲ.

ಸೈಟು ತೆರೆದಳು. ಎಲ್ಲಕ್ಕಿಂತ ಮೇಲೆ ಅವಳದೇ ಕೈ, ಆಸ್ಪತ್ರೆಯ ಪಟ್ಟಿಯ ಸಮೇತ. ಕೆಳಗೆ 'ನನ್ನ ಕೈ ಉಳಿಸಿದ ಕತ್ತರಿ' ಎಂಬ ತಲೆಬರಹ. ಅವಳು ಜೀವ ತೇದು ಬರೆದ ಲೇಖನಗಳೆಲ್ಲ ಎಲ್ಲೋ ತಳ ಸೇರಿದ್ದವು. ಹೊಸದರಲ್ಲಿ ಅವಳ ಧಾಟಿಯಿತ್ತು, ಅವಳ ತಮಾಷೆಯಿತ್ತು, ಅತ್ತೆಯ ಮಾತಿನ ಹೋಲಿಕೆಯೂ ಇತ್ತು. ಪಕ್ಕದ ಸಾಲಿನಲ್ಲಿ ಮಂಡಿಪಟ್ಟಿ, ದಿಂಬು, ಮೈ ಇಳಿಸುವ ಪುಡಿ. ಎಲ್ಲವನ್ನೂ ಎಡಚಿ ಅಕ್ಕನೇ ಬಳಸಿ ಮೆಚ್ಚಿದ್ದಾಳೆ. ತನ್ನ ಗಂಟಲಿನೊಳಗೆ ಕೂತು ಬೇರೆ ಯಾರೋ ಮಾತಾಡಿದ ಹಾಗಾಗಿ ಅವಳಿಗೆ ಮೊದಲು ಅಸಹ್ಯ ಬಂತು. ಆಮೇಲೆ ಬಂದದ್ದು ಅಡಿಯಿಂದ ಮುಡಿಯವರೆಗೂ ಉರಿಸುವ ಸಿಟ್ಟು.

ಆದರೂ ಕೈಯಲ್ಲಿ ಹಿಡಿದು ನೋಡದೆ ಬಾಯಿ ಬಿಡಲಿಲ್ಲ. ಕತ್ತರಿಯನ್ನು ತರಿಸಿ ನೋಡಿದಳು. ಎಡ ಹೆಬ್ಬೆರಳಿಗೆ ಹೊಂದುವಂತೆ ಹಿಡಿಯನ್ನು ಮಾತ್ರ ಬಗ್ಗಿಸಿದ್ದರು. ಅಲಗು ಅದೇ ಬಲಗೈಯದು. ಹದಿನೆಂಟು ವರ್ಷ ಅವಳ ಕೀಲು ತಿಂದ ಅದೇ ಅಲಗು.

ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮೈದುನನ ಆಫೀಸಿಗೆ ಹೋದಳು. ಟೈರ್ ಅಂಗಡಿಯ ಮೇಲಿನ ಕೋಣೆ, ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಒಳಗೆ ಮೂವರು ಕಂಪ್ಯೂಟರಿನ ಮುಂದೆ ಕೂತು ಟಪಟಪ ಕುಟ್ಟುತ್ತಿದ್ದರು. ಒಬ್ಬಳು ಬರೆಯುತ್ತಿದ್ದದ್ದು ಬೆಕ್ಕಿನ ಆಹಾರದ ಬಗ್ಗೆ. ಎಡಚಿ ಕತ್ತರಿಯನ್ನು ಮೈದುನನ ಮುಂದೆ ಇಟ್ಟಳು.

"ಇದನ್ನ ನೀನು ಮುಟ್ಟಿ ನೋಡಿದೀಯಾ?"

"ಕೂತ್ಕೊಳ್ಳಿ ಅತ್ತಿಗೆ. ಟೀ ತರಿಸ್ತೀನಿ."

"ಮುಟ್ಟಿ ನೋಡಿದೀಯಾ ಅಂತ ಕೇಳಿದೆ."

"ಯಾರು ಮುಟ್ಟಿ ನೋಡ್ತಾರೆ? ಇವರು ವಾರಕ್ಕೆ ನಲವತ್ತು ಸಾಮಾನಿನ ಮೇಲೆ ಬರೀತಾರೆ. ಎಲ್ಲಾ ಮುಟ್ಟುತ್ತಾ ಕೂತ್ರೆ ಒಂದು ಗೋಡೌನೇ ಬೇಕು." ಬೆಕ್ಕಿನ ಆಹಾರದವಳು ಕಿಸಕ್ಕನೆ ನಕ್ಕು, ಎಡಚಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಮೈದುನ ದನಿ ಇಳಿಸಿದ. "ಈ ಕಂಪನಿಯವರು ಮೂರು ಪಟ್ಟು ಕಮಿಷನ್ ಕೊಡ್ತಾರೆ ಅತ್ತಿಗೆ. ಜನ ಓದೋದಿಲ್ಲ. ಫೋಟೋ ನೋಡ್ತಾರೆ, ಒತ್ತುತ್ತಾರೆ."

"ಒಬ್ಬಳು ಓದಿದ್ಲು. ಚಿಂದಿ ಮೇಲೆ ನೋಡೋದು ಬೇಕಿಲ್ಲ ಅಂತ ಬರೆದೋನು ಯಾರು?"

"ಅದು ಮಾರಾಟದ ಮಾತು. ಅನುಮಾನ ಹುಟ್ಟೋಕೆ ಬಿಟ್ರೆ ಗಿರಾಕಿ ಹೋದ ಹಾಗೆ."

"ಅವಳ ಕೆಲಸ ಹೋಯ್ತು."

"ಪಾಪ" ಎಂದ ಅವನು, ದಾರಿಗೆ ಸಿಕ್ಕ ಕಲ್ಲನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುವಷ್ಟೇ ಸಲೀಸಾಗಿ. ಬೈದಿದ್ದರೂ ಅವಳಿಗೆ ಅಷ್ಟು ರೇಗುತ್ತಿರಲಿಲ್ಲ.

"ಪಾಸ್‌ವರ್ಡ್ ಕೊಡು. ಅದನ್ನ ತೆಗೀತೀನಿ."

"ಆಗಲ್ಲ ಅತ್ತಿಗೆ. ಸೈಟು ನನ್ನ ಹೆಸರಲ್ಲಿದೆ. ನೀವೇ ಬಿಟ್ಟದ್ದು. ಮಾತು ನಿಮ್ಮದಿರಬಹುದು, ಮನೆ ನಂದು."

ಅವಳ ಗಂಡ ಬಸ್ ಚಾಲಕ; ರಸ್ತೆಯಲ್ಲಿ ಹೇಗೋ ಹಾಗೆ ಮನೆಯಲ್ಲೂ ಯಾರಿಗೂ ತಾಗದಂತೆ ಓಡಿಸಿಕೊಂಡು ಹೋಗುವ ಮನುಷ್ಯ. ಎಲ್ಲ ಕೇಳಿ, "ಅವನು ಮಾಡಿದ್ದು ತಪ್ಪೇ. ಆದ್ರೂ ನಮ್ಮವನು ಅಲ್ವಾ?" ಎಂದ.

"ಹೊರಗಿನವನಾಗಿದ್ರೆ ನೇರ ಪೊಲೀಸರ ಹತ್ರ ಹೋಗ್ತಿದ್ದೆ. ನಮ್ಮವನು ಅಂತಲೇ ಮೊದಲು ನಿಮಗೆ ಹೇಳ್ತಿದೀನಿ."

"ಎರಡು ದಿನ ಬಿಡು, ನಾನು ಮಾತಾಡ್ತೀನಿ."

ಎರಡು ದಿನ ಬಿಟ್ಟಳು. ಅವನು ಮಾತಾಡಲಿಲ್ಲ; ಡ್ಯೂಟಿಗೆ ಹೋದ, ಬಂದ, ಉಂಡ, ಮಲಗಿದ. ಮೂರನೆಯ ದಿನ ಬೆಳಿಗ್ಗೆ ಅವಳು ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಇನ್ನೂ ಆರು ವಾರ ಆ ಕೈಯಲ್ಲಿ ಭಾರದ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರು. ಆ ಕೈಯಲ್ಲೇ ನೀಲಿ ಕತ್ತರಿ ಹಿಡಿದು ರೇಷ್ಮೆಯ ತುಂಡಿಗೆ ಹಾಕಿದಳು. ಬಟ್ಟೆ ಮಡಚಿಕೊಂಡು ಅಲಗಿನ ನಡುವೆ ಸಿಕ್ಕಿಬಿತ್ತು. ಎಳೆದಾಗ ನೂಲು ಕಿತ್ತು ಬಂತು. ನೋವಿಗೆ ಅವಳ ಹುಬ್ಬು ಗಂಟಾಯಿತು. ಆಮೇಲೆ ತನ್ನ ಸ್ವಂತದ ಎಡಗೈ ಕತ್ತರಿಯಿಂದ ಅದೇ ಬಟ್ಟೆಯನ್ನು ಉದ್ದಕ್ಕೂ ಸೀಳಿದಳು.

"ಈ ನೀಲಿ ಕತ್ತರಿನ ನಾನು ಮೊದಲು ನೋಡಿದ್ದು ಮೂರು ದಿನದ ಹಿಂದೆ. ಇದು ಒಳ್ಳೆಯದು ಅಂತ ನಾನು ಯಾವತ್ತೂ ಹೇಳಿಲ್ಲ. ನನ್ನ ಹೆಸರಲ್ಲಿ, ನನ್ನ ಕೈಯ ಫೋಟೋ ಹಾಕಿ ನನ್ನ ಮೈದುನ ಹೇಳಿದ. ತಗೊಂಡಿದ್ರೆ ವಾಪಸ್ ಕಳಿಸಿ. ಆ ಸೈಟಲ್ಲಿ ಈಗ ಏನೇ ಓದಿದ್ರೂ ನಂಬಬೇಡಿ. ಕೀಲಿಕೈ ಇನ್ನೊಬ್ಬರ ಕೈಗೆ ಕೊಟ್ಟು ಎರಡು ತಿಂಗಳು ತಿರುಗಿ ನೋಡದೆ ಇದ್ದದ್ದು ನನ್ನ ತಪ್ಪು."

ಸೈಟಿನ ಬಾಗಿಲು ಮುಚ್ಚಿತ್ತು, ಆದರೆ ಪತ್ರಗಳು ಬಂದದ್ದೆಲ್ಲ ಅವಳ ಸ್ವಂತ ಫೋನಿಗೆ. ಬರೆದವರು ಸಾವಿರಕ್ಕೂ ಹೆಚ್ಚು ಮಂದಿ. ಅಭ್ಯಾಸವಿಲ್ಲದ ಬಲಗೈಯಲ್ಲಿ ಒಬ್ಬೊಬ್ಬರಿಗೂ ಆ ವಿಡಿಯೋ ಕಳಿಸುತ್ತ ನಾಲ್ಕು ದಿನ ಕೂತಳು.

ವಾರದೊಳಗೆ ಅದು ಬೆಂಕಿಯ ಹಾಗೆ ಹಬ್ಬಿತು. ಕತ್ತರಿಗಳು ಮೂಟೆಗಟ್ಟಲೆ ವಾಪಸ್ಸು ಹೋದವು. ಕಮಿಷನ್ ಕೊಡುತ್ತಿದ್ದ ಕಂಪನಿಗಳೆಲ್ಲ ಮೈದುನನ ಒಪ್ಪಂದ ರದ್ದು ಮಾಡಿದವು; ಆ ಸೈಟಿನಿಂದ ಅವಳಿಗೆ ಬರುತ್ತಿದ್ದದ್ದೂ ಅದರೊಂದಿಗೆ ನಿಂತಿತು. ಮೈದುನ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತ.

"ನನ್ನ ಹೊಟ್ಟೆ ಮೇಲೆ ಹೊಡೆದ್ರಿ ಅತ್ತಿಗೆ. ಮೂರು ಜನಕ್ಕೆ ಸಂಬಳ ಕೊಡ್ತಿದ್ದೆ."

"ಸುಳ್ಳಿಗೆ ಸಂಬಳ ಕೊಡ್ತಿದ್ದೆ."

"ಎಲ್ಲರೂ ಮಾಡೋದೇ ತಾನೆ?"

"ಎಲ್ಲರೂ ಅವರವರ ಬಾಯಲ್ಲಿ ಮಾಡ್ಕೊಳ್ಳಲಿ. ನನ್ನ ಬಾಯಿ ಯಾಕೆ ಬೇಕಾಯ್ತು ನಿನಗೆ? ನಾನು ಸುಳ್ಳು ಹೇಳಲ್ಲ ಅಂತ ಜನಕ್ಕೆ ಗೊತ್ತಿತ್ತು, ಅದಕ್ಕೇ ತಾನೆ?"

ಅವನು ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡುತ್ತಿದ್ದ. ಆದರೆ ತಮ್ಮ ಇನ್ನೊಂದು ಮಾತಿಗೆ ಬಾಯಿ ತೆರೆದಾಗ, "ಸಾಕು, ನಡಿ" ಎಂದ. ಅದು ತಡವಾಗಿ ಬಂದ ಮಾತು. ಎಡಚಿ ಅದಕ್ಕೆ ಕೃತಜ್ಞತೆ ತೋರಿಸಲಿಲ್ಲ.

"ಮನೆ ಮಾತು ಬೀದಿಗೆ ಹಾಕಿಬಿಟ್ಟೆಯಲ್ಲ" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನನ್ನ ಕೈಯನ್ನ ಬೀದಿಗಿಟ್ಟು ಮಾರಿದ್ದು ನಿಮ್ಮ ಮಗ, ಅತ್ತೆ."

ಮನೆಯವರ ಮಾತು ಅವಳಿಗೆ ತಟ್ಟಲಿಲ್ಲ. ತಟ್ಟಿದ್ದು ಓದುಗರದು. ಹೆಚ್ಚಿನವರು ಬೆನ್ನು ತಟ್ಟಿದ್ದರು. ಆದರೆ ನಾಲ್ಕು ವರ್ಷದಿಂದ ಬರೆಯುತ್ತಿದ್ದ ಆ ಪುಸ್ತಕ ಕಟ್ಟುವವನು, 'ಸಿಕ್ಕಿಬಿದ್ದ ಮೇಲೆ ಎಲ್ಲರೂ ಸಾಚಾನೇ. ಹಿಂದಿನದಾದರೂ ನಿಮ್ಮದೇ ಅಂತ ಹೇಗೆ ನಂಬೋದು?' ಎಂದು ಬರೆದ. ಉತ್ತರ ಬರೆಯಲು ಕೂತು, ಬರೆದು, ಅಳಿಸಿದಳು. ನಂಬು ಎನ್ನುವುದಕ್ಕೆ ಅವಳ ಹತ್ತಿರ ಯಾವ ಪುರಾವೆಯೂ ಇರಲಿಲ್ಲ.

ಕೆಲಸ ಕಳೆದುಕೊಂಡವಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಅವಳ ಮಾಲೀಕನಿಗೆ ಫೋನು ಮಾಡಿದಳು. ಅವನು ವಿಡಿಯೋ ನೋಡಿದ್ದ. "ನಿಮ್ಮ ಜಗಳ ನನಗ್ಯಾಕಮ್ಮ? ಬಟ್ಟೆ ಕೆಡಿಸಿದ ಕೈ ಅವಳದು ತಾನೆ?" ಎಂದು ಇಟ್ಟುಬಿಟ್ಟ.

ಮರುದಿನ ಬೆಳಗಿನ ಬಸ್ಸು ಹತ್ತಿ ಎಡಚಿ ಆ ಊರಿಗೆ ಹೋದಳು. ನಾಲ್ಕು ತಾಸಿನ ದಾರಿ. ಓಣಿಯ ಕೊನೆಯ ಮನೆಯ ಹಿಂಭಾಗದಲ್ಲಿ ಒಂದೇ ಕೋಣೆ. ಮಂಚದ ಮೇಲೆ ಗುಂಡಿ ಹಾಕಬೇಕಾದ ಅಂಗಿಗಳ ರಾಶಿ. ಮೂವತ್ತರ ಆಸುಪಾಸಿನ ಹೆಂಗಸು, ಎಡಗೈಯಲ್ಲಿ ಸೂಜಿ. ಯಾರೆಂದು ಗುರುತು ಹತ್ತಿದ ಮೇಲೂ ಅವಳು ನಗಲಿಲ್ಲ, ಕುರ್ಚಿಯ ಮೇಲಿದ್ದ ಅಂಗಿಗಳನ್ನು ಮಾತ್ರ ತೆಗೆದಳು.

ಎಡಚಿ ತನ್ನ ಸ್ವಂತ ಕತ್ತರಿಯನ್ನು ಬಟ್ಟೆಯಿಂದ ಬಿಚ್ಚಿ ಅವಳ ಮುಂದೆ ಇಟ್ಟಳು. "ಇದನ್ನ ಇಟ್ಕೋ. ಇದು ನಿಜವಾಗಿ ಎಡಗೈದು."

ಹೆಂಗಸು ಕತ್ತರಿ ಎತ್ತಿಕೊಂಡಳು. ಬೆಳಕಿಗೆ ಹಿಡಿದು ಅಲಗು ನೋಡಿದಳು, ಹಿಡಿ ನೋಡಿದಳು, ಒಂದು ಚಿಂದಿ ಹುಡುಕಿ ಅದರ ಮೇಲೆ ಹಾಕಿದಳು. ಇನ್ನೊಂದು ಚಿಂದಿ. ಮತ್ತೊಂದು.

"ಚೆನ್ನಾಗಿದೆ" ಎಂದಳು. "ಆದ್ರೆ ಸುಮ್ಮನೆ ಬೇಡ. ದುಡಿದು ಕೊಡ್ತೀನಿ. ಮತ್ತೆ, ನೀವು ಬಂದಿರಿ ಅಂತ ನನ್ನ ಸಿಟ್ಟು ಇಳಿದಿಲ್ಲ ಅಕ್ಕಾ."

"ಇಳಿಸೋಕೆ ನಾನು ಬಂದಿಲ್ಲ. ನಂದೂ ಇಳಿದಿಲ್ಲ."

ಹೆಂಗಸು ಮೊದಲ ಬಾರಿ ಅವಳನ್ನು ನೆಟ್ಟಗೆ ನೋಡಿದಳು. "ಮುಂದೇನು ಮಾಡ್ತೀರಿ?"

"ಹೊಸದು ಶುರು ಮಾಡ್ತೀನಿ. ನನ್ನ ಹೆಸರಲ್ಲೇ. ಕಂಪ್ಯೂಟರ್ ಕೆಲಸನೂ ನಾನೇ ಕಲೀತೀನಿ, ಒದ್ದಾಡಿಕೊಂಡಾದ್ರೂ."

"ನೀವೊಬ್ಬರೇ ಹೇಳಿದ್ರೆ ನಾನು ನಂಬಲ್ಲ" ಎಂದಳು ಹೆಂಗಸು. "ನೀವು ನೋಡಿದ್ದನ್ನ ನನಗೂ ಕಳಿಸಿ. ನಾನೂ ಒಂದು ತಿಂಗಳು ಕತ್ತರಿಸಿ ನೋಡ್ತೀನಿ. ನನಗೆ ಸರಿ ಬರದಿದ್ರೆ ಅದನ್ನೂ ಹಾಗೇ ಹಾಕಬೇಕು. ಬಂದದ್ದರಲ್ಲಿ ಅರ್ಧ ನಂದು."

"ಆಯ್ತು."

"ಬರೆದು ಕೊಡಿ."

ಎಡಚಿಗೆ ಇದರಿಂದ ಬೇಸರವಾಗಲಿಲ್ಲ. ಚೀಲದಿಂದ ಪೆನ್ನು ತೆಗೆದು, ಇನ್ನೂ ಸರಿಯಾಗಿ ಮಡಿಸಲಾಗದ ಎಡಗೈಯಲ್ಲಿ ವಕ್ರವಕ್ರವಾಗಿ ಬರೆದುಕೊಟ್ಟಳು.

ಹೊಸ ಸೈಟಿನ ಮೊದಲ ಲೇಖನ ಹೊರಬಂದದ್ದು ನಾಲ್ಕು ತಿಂಗಳಿಗೆ. ಒಂದೇ ಕತ್ತರಿ, ಇಬ್ಬರ ಮಾತು. ಎಡಚಿ ಮೆಚ್ಚಿದ್ದಳು. ಇನ್ನೊಬ್ಬಳು 'ದಪ್ಪ ಬಟ್ಟೆಗೆ ಇದು ದಂಡ, ಅಕ್ಕನ ಮಾತು ಕೇಳಬೇಡಿ' ಎಂದು ಬರೆದಿದ್ದಳು. ಎಡಚಿ ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ. ಆ ತಿಂಗಳು ಲಿಂಕ್ ಒತ್ತಿ ಕೊಂಡವರು ಒಂಬತ್ತೇ ಮಂದಿ.